ಕ್ರಿಕೆಟ್ಟಾ, ಕಬಡ್ಡಿಯಾ, ಓಟಾನಾ? ಮಗುವಿನ ಆಟ ಆರಿಸುವ ಮುನ್ನ

ಜೂನ್‌ನಲ್ಲಿ ಶಾಲೆ ಶುರುವಾಗಿ ಎರಡು ವಾರ ಕಳೆದರೆ ಸಾಕು, ನನಗೆ ಫೋನ್ ಬರಲು ಶುರು. ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ 27 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ನಿವೃತ್ತನಾದರೂ ಹಳೇ ಹುಡುಗರು ಬಿಟ್ಟಿಲ್ಲ. ಆಗ ಅವರನ್ನು ಬಿಸಿಲಲ್ಲಿ ಓಡಿಸಿದೆ, ಈಗ ಅವರ ಮಕ್ಕಳ ಸರದಿ. "ಸಾರ್, ನಮ್ಮ ಹುಡುಗನಿಗೆ ಯಾವ ಆಟ ಒಳ್ಳೇದು?"

"ಅವನ ಫ್ರೆಂಡ್ ಯಾವುದು ಆಡ್ತಾನೆ?" ಅಂತ ನಾನು ವಾಪಸ್ ಕೇಳುತ್ತೇನೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇರುವುದಿಲ್ಲ. ಯಾಕೆಂದರೆ ಅಪ್ಪ ಅಮ್ಮ ಆಟವನ್ನು ಆರಿಸುವುದು ಟಿವಿ ನೋಡಿ. ಮಕ್ಕಳು ಆರಿಸುವುದು ಜೊತೆಗಾರನನ್ನು ನೋಡಿ. ಪಕ್ಕದ ಮನೆ ಹುಡುಗ ಸಂಜೆ ಬ್ಯಾಟ್ ಹಿಡಿದು ಹೋದರೆ ಇವನೂ ಕ್ರಿಕೆಟ್. ಬೆಂಚಿನಲ್ಲಿ ಪಕ್ಕ ಕೂರುವ ಹುಡುಗಿ ಖೋಖೋ ಟೀಮಿನಲ್ಲಿದ್ದರೆ ಇವಳೂ ಖೋಖೋ. ಆಮೇಲೆ ಬರುವುದು ಮೈದಾನ ಎಷ್ಟು ದೂರ, ಕಲಿಸುವವರು ಯಾರು ಅನ್ನುವುದು. ಆಟದ ಸರದಿ ಅದರ ನಂತರ.

ಇದು ನಮ್ಮ ಊರಿನ ಮಕ್ಕಳ ಕಥೆ ಮಾತ್ರ ಅಲ್ಲ. ಪ್ರಕಾಶ್ ಪಡುಕೋಣೆ ಬ್ಯಾಡ್ಮಿಂಟನ್ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲ್‌ನಲ್ಲಿ. ಅದು ಮದುವೆ ನಡೆಯುವ ಹಾಲು. ಮದುವೆ ಇದ್ದ ದಿನ ಆಟ ಇಲ್ಲ. ತಂದೆ ರಮೇಶ್ ಪಡುಕೋಣೆ ಬ್ಯಾಡ್ಮಿಂಟನ್ ಸಂಸ್ಥೆ ಕಟ್ಟಲು ಓಡಾಡಿದವರು. ಮನೆ ಹತ್ತಿರ ಹಾಲು, ಮನೆಯೊಳಗೆ ಆಟದ ಮಾತು. 1980ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು. ಆ ಹಾಲು ಇನ್ನೆರಡು ಮೈಲಿ ದೂರ ಇದ್ದಿದ್ದರೆ ಏನಾಗುತ್ತಿತ್ತೋ ನೋಡಿ.

ಹಾಗಂತ ಅಪ್ಪನ ಆಟವೇ ಮಕ್ಕಳಿಗೂ ಬರುತ್ತದೆ ಅಂತಲೂ ಇಲ್ಲ. ಅಶ್ವಿನಿ ಪೊನ್ನಪ್ಪ ಅವರ ತಂದೆ ಹಾಕಿ ಆಟಗಾರರು, ಮಗಳು ಕೈಗೆತ್ತಿಕೊಂಡಿದ್ದು ಬ್ಯಾಡ್ಮಿಂಟನ್. ರಾಬಿನ್ ಉತ್ತಪ್ಪ ಅವರ ತಂದೆ ಹಾಕಿ ಅಂಪೈರ್, ಮಗ ಕ್ರಿಕೆಟ್. ಮನೆಯಿಂದ ಬಂದದ್ದು ಆಡುವ ಅಭ್ಯಾಸ ಅಷ್ಟೇ.

ಆದ್ದರಿಂದ ಯಾವ ಆಟ "ಒಳ್ಳೇದು" ಅಂತ ನಾನು ಇಲ್ಲಿ ಹೇಳುವುದಿಲ್ಲ. ಒಂದೊಂದು ಆಟವೂ ಮಗುವಿನಿಂದ, ಮನೆಯಿಂದ ಏನು ಕೇಳುತ್ತದೆ ಅನ್ನುವುದನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಹೊಂದುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಿ.

ಕ್ರಿಕೆಟ್: ಕಾಯುವವರ ಆಟ

ಹತ್ತು ಫೋನಿನಲ್ಲಿ ಏಳು ಇದೇ. ಹಾಗಾಗಿ ಇದಕ್ಕೆ ಸ್ವಲ್ಪ ಜಾಸ್ತಿ ಜಾಗ ಕೊಡುತ್ತೇನೆ.

ಕ್ರಿಕೆಟ್‌ಗೆ ಬೇಕಾದ ಮೊದಲ ಗುಣ ಬ್ಯಾಟ್ ಬೀಸುವ ಶಕ್ತಿ ಅಲ್ಲ, ಕಾಯುವ ತಾಳ್ಮೆ. ಮೊದಲ ಬಾಲಿಗೇ ಔಟಾದ ಹುಡುಗ ಇಡೀ ದಿನ ಮರದ ಕೆಳಗೆ ಕೂತು ಬೇರೆಯವರ ಆಟ ನೋಡಬೇಕು. ಮಾರನೇ ವಾರವೂ ಹಾಗೇ ಆಗಬಹುದು. ಸುಮ್ನೆ ಕೂರಲಾಗದ, ಐದು ನಿಮಿಷಕ್ಕೊಮ್ಮೆ ಏನಾದರೂ ಮಾಡಲೇಬೇಕಾದ ಮಗುವಿಗೆ ಇದು ಶಿಕ್ಷೆ. ಅಂಥ ಮಗುವನ್ನು ಕಬಡ್ಡಿ ಅಂಕಣಕ್ಕೆ ಬಿಟ್ಟು ನೋಡಿ, ಮುಖವೇ ಬೇರೆಯಾಗುತ್ತದೆ.

ಎರಡನೆಯದು, ಇದು ಆಯ್ಕೆದಾರರ ಆಟ. ಓಟದಲ್ಲಿ ಗಡಿಯಾರ ಹೇಳುತ್ತದೆ, ಬ್ಯಾಡ್ಮಿಂಟನ್‌ನಲ್ಲಿ ಸ್ಕೋರು ಹೇಳುತ್ತದೆ. ಕ್ರಿಕೆಟ್‌ನಲ್ಲಿ ಯಾರೋ ನೋಡಿ "ಇವನಿರಲಿ" ಅನ್ನಬೇಕು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಜೊತೆಗೆ ಮೈಸೂರು, ಶಿವಮೊಗ್ಗ, ತುಮಕೂರು, ಧಾರವಾಡ, ಮಂಗಳೂರು, ರಾಯಚೂರು ಅಂತ ವಲಯಗಳಿವೆ. ವಲಯದ ತಂಡಕ್ಕೆ ಆಯ್ಕೆಯಾಗಿ, ಅಲ್ಲಿ ರನ್ ಹೊಡೆದು, 16 ವರ್ಷದೊಳಗಿನವರ ವಿಜಯ್ ಮರ್ಚೆಂಟ್ ಟ್ರೋಫಿಗೋ, 19ರೊಳಗಿನವರ ಕೂಚ್ ಬೆಹಾರ್ ಟ್ರೋಫಿಗೋ ರಾಜ್ಯ ತಂಡ ಸೇರಬೇಕು. ಇಡೀ ರಾಜ್ಯದಿಂದ ಮೈದಾನಕ್ಕಿಳಿಯುವುದು 11 ಜನ. ಲೆಕ್ಕ ನೀವೇ ಹಾಕಿ.

ದಾವಣಗೆರೆಯಿಂದ ವಿನಯ್ ಕುಮಾರ್ ಬರಲಿಲ್ಲವೇ, ಕಡೂರಿನಿಂದ ವೇದಾ ಕೃಷ್ಣಮೂರ್ತಿ ಬರಲಿಲ್ಲವೇ ಅಂತ ಕೇಳುತ್ತಾರೆ. ಬಂದರು. ಆದರೆ ವೇದಾ ಹುಡುಗಿಯಾಗಿದ್ದಾಗಲೇ ಬೆಂಗಳೂರಿಗೆ ಬರಬೇಕಾಯಿತು. ಅದನ್ನು ಮನೆಯವರು ಒಪ್ಪಿದರು. ನೀವು ಒಪ್ಪುತ್ತೀರಾ? ಆ ಮಾತನ್ನು ಗಂಡ ಹೆಂಡತಿ ಒಂದು ಸಂಜೆ ಕೂತು ಮಾತಾಡಿಕೊಳ್ಳಿ. ಮಗುವಿಗೆ ಪ್ಯಾಡು ಕೊಡಿಸುವುದು ಆಮೇಲೆ.

ದುಡ್ಡಿನ ಮಾತು. ಟೆನಿಸ್ ಬಾಲ್ ಕ್ರಿಕೆಟ್‌ಗೆ ಏನೂ ಖರ್ಚಿಲ್ಲ. ಲೆದರ್ ಬಾಲಿಗೆ ಬಂದ ಕ್ಷಣ ಹೆಲ್ಮೆಟ್, ಪ್ಯಾಡ್, ಗ್ಲೌಸ್, ಗಾರ್ಡ್, ಶೂ. ಬೆಳೆಯುವ ಮಗುವಿಗೆ ವರ್ಷ ಎರಡು ವರ್ಷಕ್ಕೆ ಎಲ್ಲವೂ ಚಿಕ್ಕದಾಗುತ್ತದೆ. ಇಂಗ್ಲಿಷ್ ವಿಲ್ಲೋ ಬ್ಯಾಟ್ ಅಂತ ಹುಡುಗ ಹಟ ಹಿಡಿದರೆ ಕೊಡಿಸಬೇಡಿ. ಮೊದಲ ಎರಡು ಮೂರು ವರ್ಷಕ್ಕೆ ಕಾಶ್ಮೀರಿ ವಿಲ್ಲೋ ಧಾರಾಳ ಸಾಕು. ಅದೂ ಅಳತೆಗೆ ಸರಿಯಾದದ್ದು. "ದೊಡ್ಡವನಾಗ್ತಾನಲ್ಲ" ಅಂತ ದೊಡ್ಡ ಬ್ಯಾಟ್ ಕೊಡಿಸಿ ಮಣಿಕಟ್ಟು ಹಾಳು ಮಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ.

ಅಕಾಡೆಮಿಗೆ ಸೇರಿಸುವ ಮುಂಚೆ ಒಂದು ಕೆಲಸ ಮಾಡಿ. ಒಂದು ಶನಿವಾರ ಸಂಜೆ ಹೋಗಿ ನೆಟ್ ಪಕ್ಕ ಕೂತು ಎಣಿಸಿ. ಎರಡು ಗಂಟೆಯಲ್ಲಿ ಒಬ್ಬ ಹುಡುಗ ಎಷ್ಟು ಬಾಲ್ ಆಡಿದ, ಎಷ್ಟು ಬಾಲ್ ಹಾಕಿದ? ನನ್ನ ಹಳೇ ವಿದ್ಯಾರ್ಥಿಯೊಬ್ಬ ಮಗನನ್ನು ಪೇಟೆಯ ಒಂದು ಅಕಾಡೆಮಿಗೆ ಸೇರಿಸಿದ್ದ. ಹೆಸರು ಬೇಡ. ವರ್ಷದ ಫೀಸ್ ಒಂದೇ ಸಲ ಕಟ್ಟಿಸಿಕೊಂಡಿದ್ದರು. ನಾನೂ ಅವನ ಜೊತೆ ಹೋಗಿ ಎಣಿಸಿದೆ. ಹುಡುಗನಿಗೆ ಸಿಕ್ಕಿದ್ದು 14 ಬಾಲ್. ಉಳಿದ ಹೊತ್ತೆಲ್ಲ ಬೇಲಿ ಹತ್ತಿರ ನಿಂತು ಬೇರೆಯವರು ಹೊಡೆದ ಬಾಲ್ ಎಸೆಯುವುದು. ಬೀದಿಯಲ್ಲಿ ಆಡಿದ್ದರೆ ಅದರ ಮೂರರಷ್ಟು ಸಿಗುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೂ, ಹುಡುಗ ಮಳೆ ಬಂದರೂ ಗೋಡೆಗೆ ಬಾಲ್ ಎಸೆದು ತಾನೇ ಹೊಡೆಯುತ್ತಾ ಇರುತ್ತಾನೆ ಅಂದರೆ ತಡೆಯಬೇಡಿ. ಅಂಥವನಿಗೆ ಬೇರೆ ಆಟ ರುಚಿಸುವುದಿಲ್ಲ.

ಬ್ಯಾಡ್ಮಿಂಟನ್: ತಪ್ಪು ಹೊರಿಸಲು ಯಾರೂ ಇಲ್ಲ

ಕ್ರಿಕೆಟ್‌ಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಸೋತರೆ ಅಂಪೈರ್ ಅನ್ನುವಂತಿಲ್ಲ, ಪಿಚ್ ಅನ್ನುವಂತಿಲ್ಲ, ಕ್ಯಾಚ್ ಬಿಟ್ಟ ಫ್ರೆಂಡ್ ಅನ್ನುವಂತಿಲ್ಲ. ಕೆಲವು ಮಕ್ಕಳಿಗೆ ಇದು ಒಳ್ಳೇದು, ಬೇಗ ಗಟ್ಟಿಯಾಗುತ್ತಾರೆ. ಇನ್ನು ಕೆಲವರು ಸೋತ ರಾತ್ರಿ ಊಟ ಬಿಡುತ್ತಾರೆ. ನಿಮ್ಮ ಮಗು ಕೇರಂನಲ್ಲಿ ಸೋತರೆ ಏನು ಮಾಡುತ್ತದೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಆಯ್ಕೆಯ ದಾರಿ ನೇರ. ಟೂರ್ನಿ ಆಡು, ಗೆಲ್ಲು, ಮೇಲೆ ಹೋಗು. ಆದರೆ ಆ ಟೂರ್ನಿಗಳಿಗೆ ಊರೂರು ತಿರುಗುವ ಖರ್ಚು ಹೆಚ್ಚಾಗಿ ಅಪ್ಪನ ಜೇಬಿನದು. ಇನ್ನೊಂದು ಖರ್ಚು ಶಟಲ್. ಒಂದು ಗರಿ ಶಟಲ್‌ನಲ್ಲಿ 16 ಗರಿ. ಒಂದು ಗರಿ ಮುರಿದರೆ ಶಟಲ್ ಹಾರುವ ದಾರಿಯೇ ಬದಲಾಗುತ್ತದೆ, ಎಸೆಯಬೇಕು. ಚೆನ್ನಾಗಿ ಹೊಡೆಯುವ ಮಗು ಒಂದೇ ಬೆಳಿಗ್ಗೆ ಹಲವು ಶಟಲ್ ಮುಗಿಸುತ್ತದೆ. ಅಂದರೆ ಮಗು ಚೆನ್ನಾಗಿ ಆಡಿದಷ್ಟೂ ಖರ್ಚು ಜಾಸ್ತಿ! ಸೇರುವಾಗ ಫೀಸ್ ಒಳಗೆ ಶಟಲ್ ಸೇರಿದೆಯಾ ಅಂತ ಕೇಳಿ. ಬಹಳ ಜನ ಕೇಳುವುದನ್ನೇ ಮರೆಯುತ್ತಾರೆ.

ಬೆಂಗಳೂರಿನವರಾದರೆ ನಿಮ್ಮ ಅದೃಷ್ಟ. ಲಕ್ಷ್ಯ ಸೇನ್ ಉತ್ತರಾಖಂಡದ ಅಲ್ಮೋರಾದಿಂದ ಹುಡುಗನಾಗಿದ್ದಾಗಲೇ ಇಲ್ಲಿಗೆ ಬಂದು ಕಲಿತದ್ದು. ಹಾಸನದವನಿಗೆ ಆ ಅದೃಷ್ಟ ಅರ್ಧ ಮಾತ್ರ. ಬೆಂಗಳೂರು ಮೂರೂವರೆ ಗಂಟೆ ದೂರ, ಪ್ರತಿದಿನ ಹೋಗಿ ಬರುವ ಹಾಗಿಲ್ಲ. ತಾಲ್ಲೂಕಿನಲ್ಲಿ ಇರುವ ಒಂದು ಕ್ಲಬ್ ಕೋರ್ಟ್ ಸಂಜೆ ಆರರ ಮೇಲೆ ವಕೀಲರು, ಡಾಕ್ಟರುಗಳದ್ದು. ಮಕ್ಕಳಿಗೆ ನಾಲ್ಕರಿಂದ ಆರು. ಶಾಲೆ ಬಿಡುವುದೇ ನಾಲ್ಕೂವರೆಗೆ. ಸೇರಿಸುವ ಮುಂಚೆ ಈ ಗಡಿಯಾರ ನೋಡಿ.

ಕಬಡ್ಡಿ, ಖೋಖೋ: ನಮ್ಮ ಅಂಗಳದವು

ಹಳ್ಳಿ ಶಾಲೆಯ ಮಕ್ಕಳಿಗೆ ಈ ಎರಡರಲ್ಲಿ ಯಾವುದು ಅನ್ನುವುದೇ ನಿಜವಾದ ಆಯ್ಕೆ. ಎರಡಕ್ಕೂ ಬೇಕಾದ್ದು ಸುಣ್ಣದ ಗೆರೆ. ಖೋಖೋಗೆ ಎರಡು ಕಂಬ ಜಾಸ್ತಿ.

ಮೈಕಟ್ಟು ನೋಡಿ ಹೇಳುವುದು ಸುಲಭ. ಸಣ್ಣ ಮೈ, ಚುರುಕು ಕಾಲು, ಬಗ್ಗಿ ತಟ್ಟನೆ ತಿರುಗುವ ಮಗು ಖೋಖೋಗೆ. ತೊಡೆ ಗಟ್ಟಿ, ಹಿಡಿದರೆ ಬಿಡದ ಮಗು ಕಬಡ್ಡಿಗೆ. ಆದರೆ ಸ್ವಭಾವ ಇನ್ನೂ ಮುಖ್ಯ. ಕಬಡ್ಡಿಯಲ್ಲಿ ರೈಡ್‌ಗೆ ಹೋದವನಿಗೆ 30 ಸೆಕೆಂಡ್, ಎದುರಿಗೆ ಏಳು ಜನ. ಆ ಅರ್ಧ ನಿಮಿಷ ಇಡೀ ಊರು ಅವನನ್ನೇ ನೋಡುತ್ತದೆ. ಅದು ಇಷ್ಟವಾಗುವ ಮಕ್ಕಳಿದ್ದಾರೆ, ಅದಕ್ಕೇ ಬೆವರುವ ಮಕ್ಕಳೂ ಇದ್ದಾರೆ. ಖೋಖೋದಲ್ಲಿ ಒಬ್ಬನೇ ಹೀರೋ ಆಗಲು ಆಗುವುದಿಲ್ಲ. ಓಡಿದವನು ಖೋ ಕೊಟ್ಟು ಕೂರಲೇಬೇಕು. ನಾಚಿಕೆ ಸ್ವಭಾವದ ಎಷ್ಟೋ ಹುಡುಗಿಯರು ನನ್ನ ಕೈಲಿ ಖೋಖೋದಿಂದಲೇ ಅರಳಿದ್ದು.

ಮುಂದೇನು? ಕಬಡ್ಡಿ 1990ರಿಂದ ಏಷ್ಯನ್ ಗೇಮ್ಸ್‌ನಲ್ಲಿದೆ, ಒಲಿಂಪಿಕ್ಸ್‌ನಲ್ಲಿ ಇಲ್ಲ. 2014ರಲ್ಲಿ ಪ್ರೊ ಕಬಡ್ಡಿ ಬಂದ ಮೇಲೆ ದುಡ್ಡೂ ಬಂತು, ಟಿವಿಯೂ ಬಂತು. ಕಾರ್ಕಳ ಕಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡಗಳಲ್ಲಿದ್ದವರು, ಅರ್ಜುನ ಪ್ರಶಸ್ತಿ ಪಡೆದವರು. ಅದೆಲ್ಲ ಪ್ರೊ ಕಬಡ್ಡಿಯ ಥಳುಕಿನಿಂದ ಬಂದದ್ದಲ್ಲ. ಖೋಖೋಗೆ ಮೊದಲ ವಿಶ್ವಕಪ್ ನಡೆದದ್ದೇ 2025ರ ಜನವರಿಯಲ್ಲಿ, ದೆಹಲಿಯಲ್ಲಿ. ಎರಡೂ ಕಪ್ ಭಾರತಕ್ಕೆ. ಗೆದ್ದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಒಂದು ಹಳ್ಳಿಯಲ್ಲಿ ಕಲಿಸುವವರಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಇನ್ನೇನು ಬೇಕು?

ಕಬಡ್ಡಿಯ ಎರಡು ಅಪಾಯ ಹೇಳಲೇಬೇಕು. ಒಂದು, ತೂಕದ ಮಿತಿ. ವಯಸ್ಸಿನ ವಿಭಾಗಕ್ಕೊಂದು ತೂಕ ಇರುತ್ತದೆ. ಟೂರ್ನಿಯ ಹಿಂದಿನ ದಿನ ನೀರು ಕುಡಿಯದೆ, ಊಟ ಬಿಟ್ಟು, ಜಾಕೆಟ್ ಹಾಕಿಕೊಂಡು ಬಿಸಿಲಲ್ಲಿ ಓಡುವ ಮಕ್ಕಳನ್ನು ನೋಡಿದ್ದೇನೆ. ಬೆಳೆಯುವ ವಯಸ್ಸಲ್ಲಿ ಅದು ತಪ್ಪು. ಕೋಚ್ ಹಾಗೆ ಮಾಡಿಸಿದರೆ ಮಗುವನ್ನು ಕರೆದುಕೊಂಡು ಬನ್ನಿ. ಎರಡು, ಹೊನಲು ಬೆಳಕಿನ ಕಬಡ್ಡಿ. ಜನವರಿಯಿಂದ ಏಪ್ರಿಲ್‌ವರೆಗೆ ಪ್ರತಿ ಶನಿವಾರ ಒಂದೊಂದು ಊರಲ್ಲಿ. ಪಿಯುಸಿ ಹುಡುಗರು ರಾತ್ರಿ ಎರಡು ಗಂಟೆಗೆ, ಮೈ ತಣ್ಣಗಾಗಿರುವಾಗ ಅಂಕಣಕ್ಕೆ ಇಳಿಯುತ್ತಾರೆ. ಮಂಡಿ ಹೋಗುವುದು ಅಲ್ಲೇ. ಗೆದ್ದ ದುಡ್ಡನ್ನು ಹಂಚಿಕೊಂಡರೆ ಬಿರಿಯಾನಿಗೂ ಬಸ್ಸಿಗೂ ಸರಿಹೋಗುತ್ತದೆ, ಮಂಡಿ ಆಪರೇಷನ್‌ಗೆ ಅಲ್ಲ.

ಮೇಲಾಟ: ಗಡಿಯಾರ ಸುಳ್ಳು ಹೇಳಲ್ಲ

ಶಾಲೆ ಭಾಷೆಯಲ್ಲಿ ಗುಂಪು ಆಟ, ಮೇಲಾಟ ಅಂತ ಎರಡು. ಓಟ, ಜಿಗಿತ, ಎಸೆತ ಎಲ್ಲ ಮೇಲಾಟ. ಆಗಸ್ಟ್‌ನಲ್ಲಿ ಹೋಬಳಿ ಮಟ್ಟ, ಆಮೇಲೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ಒಬ್ಬ ಬಡ ಮನೆಯ ಮಗು ಯಾರ ಶಿಫಾರಸೂ ಇಲ್ಲದೆ ಈ ಏಣಿ ಹತ್ತಬಹುದು. ಕೊನೆಯ ಬೆಂಚಿನ ಹುಡುಗ ಹೋಬಳಿಯಲ್ಲಿ ಮೊದಲು ಬಂದರೆ ತಾಲ್ಲೂಕಿಗೆ ಅವನನ್ನೇ ಕಳಿಸಬೇಕು, ಹೆಡ್‌ಮಾಸ್ಟರ್ ಮಗನನ್ನಲ್ಲ. ನನಗೆ ಈ ಕಾರಣಕ್ಕೇ ಮೇಲಾಟದ ಮೇಲೆ ಪ್ರೀತಿ ಜಾಸ್ತಿ. ಪಕ್ಷಪಾತ ಅನ್ನಿ ಬೇಕಾದರೆ.

ಇನ್ನೊಂದು ಅನುಕೂಲ ಇದೆ. ತಡವಾಗಿ ಶುರು ಮಾಡಿದರೂ ನಡೆಯುತ್ತದೆ. ಈಜಿಗೆ, ಜಿಮ್ನಾಸ್ಟಿಕ್ಸ್‌ಗೆ ಆರೇಳು ವರ್ಷಕ್ಕೇ ನೀರಿಗೋ ಮ್ಯಾಟಿಗೋ ಇಳಿಯಬೇಕು. ಎಸೆತಕ್ಕೆ, 400 ಮೀಟರ್ ಓಟಕ್ಕೆ ಹೈಸ್ಕೂಲಿನಲ್ಲಿ ಬಂದರೂ ತಡವಲ್ಲ. ನೀರಜ್ ಚೋಪ್ರಾ ಮೈದಾನಕ್ಕೆ ಹೋದದ್ದು ತೂಕ ಇಳಿಸಲು. ಅಲ್ಲಿ ದೊಡ್ಡ ಹುಡುಗರು ಜಾವೆಲಿನ್ ಎಸೆಯುವುದನ್ನು ಕಂಡರು. ಮತ್ತೆ ಅದೇ ಮಾತು, ಆರಿಸಿದ್ದು ಜೊತೆಗಾರರನ್ನು.

ಕಷ್ಟ ಯಾವುದೆಂದರೆ ಒಂಟಿತನ. ಬೆಳಿಗ್ಗೆ ಐದೂವರೆಗೆ ಒಬ್ಬನೇ ಟ್ರ್ಯಾಕ್ ಸುತ್ತುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಒಂದು ವರ್ಷ ದುಡಿದು ಅರ್ಧ ಸೆಕೆಂಡ್ ಇಳಿಯುತ್ತದೆ. ಗುಂಪಿನಲ್ಲಿ ನಗುತ್ತಾ ಆಡಬೇಕು ಅನ್ನುವ ಮಗುವನ್ನು ಇಲ್ಲಿ ಕಟ್ಟಿಹಾಕಬೇಡಿ.

ಓಟದ ಮಾತು ಬಂದಾಗ ಕಂಬಳದ ಶ್ರೀನಿವಾಸ ಗೌಡರ ವಿಷಯ ಹೇಳದೆ ಇರಲಾಗದು. 2020ರ ಫೆಬ್ರವರಿ, ಐಕಳ ಕಂಬಳ. 142.5 ಮೀಟರ್ ಕೆಸರು ಗದ್ದೆ, 13.62 ಸೆಕೆಂಡ್. ಯಾರೋ 100 ಮೀಟರಿಗೆ ಭಾಗಿಸಿ 9.55 ಅಂದರು. ಉಸೇನ್ ಬೋಲ್ಟ್ ದಾಖಲೆ 9.58. ದೇಶವೇ ಎದ್ದು ಕೂತಿತು. ಕೇಂದ್ರ ಕ್ರೀಡಾ ಸಚಿವರು ಟ್ರಯಲ್‌ಗೆ ಕರೆದರು. ಗೌಡರು ಬರುವುದಿಲ್ಲ ಅಂದರು. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕ್‌ನಲ್ಲಿ ಕಾಲ್ಬೆರಳಿನ ಕೆಲಸ, ಜೊತೆಗೆ ಓಟದಲ್ಲಿ ಕೋಣಗಳ ಪಾಲೂ ಇದೆ ಅನ್ನುವುದು ಅವರ ವಿವರಣೆ. ನನಗೆ ಕೇಳಿದರೆ, ಒಂದು ಆಟ ಬಿಟ್ಟು ಇನ್ನೊಂದಕ್ಕೆ ಯಾಕೆ ಹೋಗಬಾರದು ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ಯಾವ ಕೋಚೂ ಹೇಳಿಲ್ಲ. ತನ್ನ ದೇಹ ಏನು ಕಲಿತಿದೆ ಅನ್ನುವುದು ಅವರಿಗೆ ಗೊತ್ತಿತ್ತು.

ಇದಕ್ಕೆ ತಿರುವುಮುರುವು ಕಥೆ ಕುಂದಾಪುರ ಕಡೆಯ ಗುರುರಾಜ ಪೂಜಾರಿ ಅವರದು. ತಂದೆ ಲಾರಿ ಡ್ರೈವರ್. 2008ರಲ್ಲಿ ಸುಶೀಲ್ ಕುಮಾರ್ ಒಲಿಂಪಿಕ್ ಪದಕ ಗೆದ್ದದ್ದನ್ನು ನೋಡಿ ಕುಸ್ತಿ ಮಾಡಬೇಕು ಅಂತ ಹೊರಟ ಹುಡುಗ. ಶಾಲೆಯ ಮೇಷ್ಟ್ರು ಭಾರ ಎತ್ತುವ ಕಡೆಗೆ ತಿರುಗಿಸಿದರು. 2018ರ ಕಾಮನ್‌ವೆಲ್ತ್‌ನಲ್ಲಿ 56 ಕೆಜಿ ವಿಭಾಗದ ಬೆಳ್ಳಿ, 2022ರಲ್ಲಿ 61 ಕೆಜಿಯಲ್ಲಿ ಕಂಚು. ಆಸೆ ಒಂದು ಆಟದ್ದು, ಮೈ ಇನ್ನೊಂದು ಆಟದ್ದು. ನಡುವೆ ಒಬ್ಬ ಮೇಷ್ಟ್ರು ಇದ್ದರು ಅನ್ನುವುದು ನನಗೆ ಸ್ವಲ್ಪ ಹೆಮ್ಮೆಯ ವಿಷಯ, ನಾನು ಅವರಲ್ಲದಿದ್ದರೂ.

ಹಾಕಿ: ಕೊಡಗಿನಲ್ಲಿದ್ದರೆ ಕೇಳುವುದೇ ಬೇಡ

ಕೊಡಗಿನಲ್ಲಿ ಹಾಕಿ ಆರಿಸುವುದಿಲ್ಲ, ಅದು ಮನೆಯಲ್ಲೇ ಇರುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ 60 ಕುಟುಂಬ ಬಂದಿದ್ದವು. ಈಗ 300 ದಾಟಿದೆ. ಅಜ್ಜ, ಸೊಸೆ, ಮೊಮ್ಮಗ ಒಂದೇ ತಂಡದಲ್ಲಿ ಆಡುವ ಜಾಗದಲ್ಲಿ ಮಗುವಿಗೆ ಯಾರೂ ಹಾಕಿ ಆಡು ಅಂತ ಹೇಳಬೇಕಿಲ್ಲ. ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ತಂದೆ ಮರಗೆಲಸದವರು. ಅಲ್ಲಿಂದ ಭಾರತ ತಂಡದವರೆಗೆ ಹೋದರು.

ಕೊಡಗಿನ ಹೊರಗೆ ಲೆಕ್ಕ ಬೇರೆ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಹಾಕಿ ಹುಲ್ಲು ಬಿಟ್ಟು ಟರ್ಫಿಗೆ ಹೋಯಿತು. ಮಣ್ಣಿನ ಮೇಲೆ ಕಲಿತ ಮಗು ಟರ್ಫ್ ಮೇಲೆ ಮತ್ತೆ ಮೊದಲಿನಿಂದ ಕಲಿಯಬೇಕು, ಬಾಲ್ ಬರುವ ವೇಗವೇ ಬೇರೆ. ನಿಮ್ಮ ಊರಿಗೆ ಹತ್ತಿರದ ಟರ್ಫ್ ಎಲ್ಲಿದೆ ನೋಡಿ. ಇಲ್ಲದಿದ್ದರೆ 12–13ನೇ ವಯಸ್ಸಿಗೆ ಹಾಸ್ಟೆಲ್ ಬಿಟ್ಟರೆ ದಾರಿಯಿಲ್ಲ.

ಇನ್ನುಳಿದವು ಬೇಗ ಹೇಳಿ ಮುಗಿಸುತ್ತೇನೆ. ಈಜು: ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದರು. ಅಂದರೆ ಶುರುವಾದದ್ದು ಯಾವಾಗ, ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದಿರಬಹುದು ಯೋಚಿಸಿ. ಎಬ್ಬಿಸಿ ಕರೆದುಕೊಂಡು ಹೋಗುವವರು ನೀವು. ಫುಟ್‌ಬಾಲ್: ಬೆಂಗಳೂರಿನ ಹಲಸೂರು ಬಳಿಯ ಗೌತಮಪುರದಂಥ ಬಡಾವಣೆ, ಪೆಲೆಗೆ ಪ್ರತಿಮೆ ಇಟ್ಟ ಊರು, ಅಲ್ಲಿ ಮಗು ತಾನಾಗೇ ಕಲಿಯುತ್ತದೆ. ಬೇರೆ ಕಡೆ ಕೋಚ್ ಹುಡುಕಬೇಕು. ಥ್ರೋಬಾಲ್: ಹುಡುಗಿಯರಿಗೆ ಶಾಲೆಯಲ್ಲಿ ಇದನ್ನೇ ಹಚ್ಚುತ್ತಾರೆ, ಆಡಲು ಚೆಂದ, ಆದರೆ ಕಾಲೇಜು ದಾಟಿದ ಮೇಲೆ ದಾರಿ ಕಿರಿದು. ಅದೇ ಕೈ, ಅದೇ ಎತ್ತರ ಇರುವ ಹುಡುಗಿಯನ್ನು ವಾಲಿಬಾಲಿಗೆ ತಿರುಗಿಸಿ ಅಂತ ನಾನು ಹೇಳುತ್ತಾ ಬಂದಿದ್ದೇನೆ. ಕುಸ್ತಿ: ಹಳಿಯಾಳ, ಬಾಗಲಕೋಟೆ, ಬೆಳಗಾವಿ, ದಾವಣಗೆರೆ ಕಡೆಯವರಾದರೆ ಗರಡಿ ಮನೆಯ ದಾರಿ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆ. ಬೇರೆ ಜಿಲ್ಲೆಯಲ್ಲಿ ಆ ವಾತಾವರಣ ಸಿಗುವುದು ಕಷ್ಟ.

ಯಾವ ವಯಸ್ಸಿಗೆ ಒಂದನ್ನೇ ಹಿಡಿಯಬೇಕು?

ಇದಕ್ಕೆ ಜಗಳವೇ ಆಗುತ್ತದೆ. ಆರು ವರ್ಷಕ್ಕೇ ಒಂದೇ ಆಟ ಹಿಡಿಸಿ ಅನ್ನುವ ಕೋಚ್‌ಗಳಿದ್ದಾರೆ. ಅವರಿಗೆ ಬ್ಯಾಚ್ ತುಂಬಬೇಕು, ಪಾಪ. ಅಮೆರಿಕದ ಮಕ್ಕಳ ವೈದ್ಯರ ಸಂಘ 2016ರಲ್ಲಿ ಕೊಟ್ಟ ಸಲಹೆ ಬೇರೆ. ಹೆಚ್ಚಿನ ಆಟಗಳಿಗೆ 15–16 ವರ್ಷದವರೆಗೆ ಒಂದನ್ನೇ ಹಿಡಿಯುವುದು ಬೇಡ, ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ, ವರ್ಷದಲ್ಲಿ ಒಟ್ಟು ಮೂರು ತಿಂಗಳು ಆ ಆಟದಿಂದ ದೂರ ಇರಲಿ ಅಂತ. ನನ್ನ ಅನುಭವವೂ ಅದೇ. 12ರವರೆಗೆ ಎಲ್ಲವೂ. ಬೇಸಿಗೆಯಲ್ಲಿ ಕೆರೆಯಲ್ಲಿ, ದೊಡ್ಡವರು ದಡದಲ್ಲಿದ್ದಾಗ, ಈಜು. ಮಳೆಗಾಲದಲ್ಲಿ ಖೋಖೋ. ದಸರಾ ರಜೆಯಲ್ಲಿ ಕ್ರಿಕೆಟ್. ಎಲ್ಲ ಕಡೆ ಓಡಿದ ಮಗುವಿಗೆ ಆಮೇಲೆ ಯಾವ ಆಟವೂ ಬೇಗ ಹತ್ತುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. 14 ವರ್ಷದೊಳಗಿನ ವಿಭಾಗ ಅಂದರೆ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರ್‌ನಲ್ಲಿ ಹುಟ್ಟಿದವನೂ ಒಟ್ಟಿಗೇ ನಿಲ್ಲುತ್ತಾರೆ. ಆ ವಯಸ್ಸಲ್ಲಿ ಹನ್ನೊಂದು ತಿಂಗಳೆಂದರೆ ಅರ್ಧ ಅಡಿ ಎತ್ತರವೇ ಆಗಿಬಿಡಬಹುದು. ಆಯ್ಕೆಯಾಗುವುದು ದೊಡ್ಡ ಮೈಯವನು. ಸಣ್ಣವನು "ನನಗೆ ಬರಲ್ಲ" ಅಂತ ಬಿಟ್ಟು ಹೋಗುತ್ತಾನೆ. ಎರಡು ವರ್ಷ ಹಿಡಿದು ಕೂತಿದ್ದರೆ ಲೆಕ್ಕ ತಿರುಗುತ್ತಿತ್ತು. ಅಂಥ ಸಣ್ಣ ಮೈಯ ಮಗುವಿಗೆ ಸದ್ಯಕ್ಕೆ ಎತ್ತರ ಕೇಳದ ಆಟ ಕೊಡಿ: ಖೋಖೋ, ಟೇಬಲ್ ಟೆನಿಸ್, ಬ್ಯಾಡ್ಮಿಂಟನ್. ಬೇಗ ಬೆಳೆದು 13ಕ್ಕೇ ಎಲ್ಲರನ್ನೂ ಸೋಲಿಸುವ ಹುಡುಗನ ಅಪ್ಪ ಅಮ್ಮನಿಗೂ ಒಂದು ಮಾತು. ಈಗಲೇ ಊರಿಗೆಲ್ಲ ಹೇಳಬೇಡಿ, 16ಕ್ಕೆ ಉಳಿದವರೂ ಬೆಳೆದು ಪಕ್ಕದಲ್ಲೇ ನಿಂತಿರುತ್ತಾರೆ.

ಹುಡುಗಿಯರ ಲೆಕ್ಕ

ಹುಡುಗಿ ಎಂಟನೇ ಕ್ಲಾಸಿಗೆ ಬಂದಾಗ ಆಟ ಬಿಡುವುದು ಆಟ ಬೇಜಾರಾಗಿ ಅಲ್ಲ. ಮೈದಾನದ ಹತ್ತಿರ ಶೌಚಾಲಯ ಇಲ್ಲ. ಚಡ್ಡಿ ಹಾಕಿದರೆ ಅಜ್ಜಿ ಮುಖ ಸಿಂಡರಿಸುತ್ತಾರೆ. ಆರೂವರೆಗೆ ಕತ್ತಲು. ಜೊತೆಯ ಹುಡುಗಿ ಬಿಟ್ಟರೆ ಇವಳೂ ಬಿಡುತ್ತಾಳೆ. ಹಾಗಾಗಿ ಹುಡುಗಿಗೆ ಆಟ ಆರಿಸುವಾಗ ಮೊದಲು ನೋಡಬೇಕಾದ್ದು ಆ ಆಟವನ್ನು ಇನ್ನೆಷ್ಟು ಹುಡುಗಿಯರು ಆಡುತ್ತಾರೆ ಅನ್ನುವುದು. ನಾಲ್ಕು ಜನ ಇದ್ದರೆ ನಾಲ್ವರೂ ಉಳಿಯುತ್ತಾರೆ.

ಕ್ರಿಕೆಟ್ ವಿಷಯದಲ್ಲಿ ಹುಡುಗಿಯರಿಗೆ ಈಗ ಹುಡುಗರಿಗಿಂತ ದಾರಿ ಸಲೀಸು ಅಂತಲೇ ಹೇಳಬೇಕು. ಪೈಪೋಟಿ ಇನ್ನೂ ಅಷ್ಟಿಲ್ಲ. 2023ರಲ್ಲಿ ಮಹಿಳೆಯರ ಪ್ರೀಮಿಯರ್ ಲೀಗ್ ಶುರುವಾಯಿತು. ಮರುವರ್ಷವೇ ಆರ್‌ಸಿಬಿ ಹುಡುಗಿಯರು ಕಪ್ ಗೆದ್ದರು, ನಮ್ಮ ಶ್ರೇಯಾಂಕಾ ಪಾಟೀಲ್ ಆ ವರ್ಷ ಅತಿ ಹೆಚ್ಚು ವಿಕೆಟ್ ತೆಗೆದರು. ವಿಜಯಪುರದ ರಾಜೇಶ್ವರಿ ಗಾಯಕವಾಡ್ ಕ್ರಿಕೆಟ್‌ಗೆ ಬರುವ ಮುಂಚೆ ಜಾವೆಲಿನ್ ಎಸೆಯುತ್ತಿದ್ದವರು. ಊರಲ್ಲಿ ಹುಡುಗಿಯರಿಗೆ ಕ್ರಿಕೆಟ್ ಕಲಿಸಲು ಶುರುವಾದಾಗ ಬಾಲ್ ಹಿಡಿದರು, ಭಾರತಕ್ಕೆ ಆಡಿದರು.

ಎಸ್ಸೆಸ್ಸೆಲ್ಸಿ ಎಂಬ ಎದುರಾಳಿ

ನಿಜ ಹೇಳಬೇಕೆಂದರೆ ಕ್ರಿಕೆಟ್‌ಗೂ ಕಬಡ್ಡಿಗೂ ಪೈಪೋಟಿ ಇಲ್ಲ. ಎರಡಕ್ಕೂ ಪೈಪೋಟಿ ಟ್ಯೂಷನ್ ಜೊತೆ. ಒಂಬತ್ತನೇ ಕ್ಲಾಸ್ ಮುಗಿಯುತ್ತಿದ್ದಂತೆ "ಸಾರ್, ಒಂದು ವರ್ಷ ಆಟ ನಿಲ್ಲಿಸ್ತೀವಿ" ಅನ್ನುತ್ತಾರೆ. ಈಜಿನಲ್ಲಿ ಒಂದು ವರ್ಷ ನಿಂತರೆ ಹಿಂದಕ್ಕೆ ಬರುವುದು ತುಂಬಾ ಕಷ್ಟ. ಬ್ಯಾಡ್ಮಿಂಟನ್‌ನಲ್ಲೂ ಹಾಗೇ. ಕಬಡ್ಡಿ, ಎಸೆತ, ಕ್ರಿಕೆಟ್ ಸ್ವಲ್ಪ ತಡೆದುಕೊಳ್ಳುತ್ತವೆ. ಪೂರ್ತಿ ನಿಲ್ಲಿಸುವ ಬದಲು ದಿನಕ್ಕೆ 40 ನಿಮಿಷ ಓಡಲಿ ಅಂತ ನಾನು ಹೇಳುತ್ತೇನೆ. ಆ 40 ನಿಮಿಷ ಮೊಬೈಲ್‌ನಲ್ಲಿ ಹೋಗುವಂಥದ್ದೇ, ಅಲ್ವಾ?

ದುಡ್ಡಿಲ್ಲದ ಮನೆಯವರು ಕ್ರೀಡಾ ವಸತಿ ನಿಲಯದ ಬಗ್ಗೆ ಕೇಳಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಡೆಸುತ್ತದೆ, ಟ್ರಯಲ್ ಇಟ್ಟು ಆರಿಸುತ್ತಾರೆ. ಊಟ, ವಸತಿ, ಕೋಚಿಂಗ್ ಅಲ್ಲೇ. ಎಲ್ಲ ಜಿಲ್ಲೆಯಲ್ಲಿ ಎಲ್ಲ ಆಟ ಇರುವುದಿಲ್ಲ, ಆದ್ದರಿಂದ ಯಾವ ನಿಲಯದಲ್ಲಿ ಯಾವ ಆಟ ಅಂತ ಜಿಲ್ಲಾ ಕ್ರೀಡಾಂಗಣದ ಕಚೇರಿಯಲ್ಲಿ ವಿಚಾರಿಸಿ. ಖೇಲೋ ಇಂಡಿಯಾದಲ್ಲಿ ಆಯ್ಕೆಯಾದ ಮಕ್ಕಳಿಗೆ ಕೈಖರ್ಚಿಗೆ ತಿಂಗಳಿಗೆ 10,000 ರೂಪಾಯಿ ಬರುತ್ತದೆ. ಮುಂದೆ ರೈಲ್ವೆ, ಪೊಲೀಸ್, ಸೇನೆಯಲ್ಲಿ ಆಟಗಾರರಿಗೆ ಕೆಲಸ ಇದೆ. ಆದರೆ ಕೋಟಾ ನಂಬಿ ಆಟ ಆರಿಸಬೇಡಿ. ಯಾವ ಆಟದ ಸರ್ಟಿಫಿಕೇಟ್‌ಗೆ ಬೆಲೆ ಅನ್ನುವ ನಿಯಮ ಬದಲಾಗುತ್ತಾ ಇರುತ್ತದೆ. ಊರಿಗೊಬ್ಬರು ಹುಟ್ಟುಹಾಕುವ "ಇಂಟರ್‌ನ್ಯಾಷನಲ್" ಟೂರ್ನಿಗಳಿಗೆ ದುಡ್ಡು ಕಟ್ಟಿ ಮೆಡಲ್ ತರುವವರಿದ್ದಾರೆ. ಆ ಸರ್ಟಿಫಿಕೇಟ್ ಗೋಡೆಗೆ ಚೆಂದ ಅಷ್ಟೇ. ದುಡ್ಡು ಕಟ್ಟುವ ಮುಂಚೆ, ಆ ಸಂಸ್ಥೆಗೆ ಸರ್ಕಾರದ ಮಾನ್ಯತೆ ಇದೆಯಾ ಅಂತ ಅದೇ ಕಚೇರಿಯಲ್ಲಿ ಕೇಳಿಕೊಳ್ಳಿ.

ಹೋದ ವಾರ ಅರಕಲಗೂಡು ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಅವರೂ ನನ್ನ ಕೈಲಿ ಖೋಖೋ ಆಡಿದವರೇ.

"ಸಾರ್, ಮಗಳು ಅಥ್ಲೆಟಿಕ್ಸ್ ಬಿಟ್ಟು ಹ್ಯಾಂಡ್‌ಬಾಲ್ ಸೇರ್ತೀನಿ ಅಂತಿದ್ದಾಳೆ. ಓಟದಲ್ಲಿ ತಾಲ್ಲೂಕಿಗೆ ಸೆಕೆಂಡ್ ಬಂದಿದ್ಲು. ಬಿಡಿಸಲಾ?"

"ಹ್ಯಾಂಡ್‌ಬಾಲ್‌ಗೆ ಯಾರು ಹೋಗ್ತಾರಮ್ಮ?"

"ಅವಳ ಕ್ಲಾಸಿನ ಮೂರು ಹುಡುಗಿಯರು."

"ಕಲಿಸೋರು?"

"ಹೊಸ ಮೇಡಂ ಬಂದಿದ್ದಾರಂತೆ. ದಿನಾ ಸಂಜೆ ನಿಲ್ತಾರಂತೆ."

"ನಿಮ್ಮೂರಿಗೆ ಕೊನೇ ಬಸ್ಸು ಎಷ್ಟು ಗಂಟೆಗೆ?"

"ಆರೂಕಾಲಿಗೆ ಸಾರ್."

ಹಾಗಾದರೆ ಆರಕ್ಕೆ ಬಿಡ್ತಾರಾ ಅಂತ ಮೊದಲು ಆ ಮೇಡಂ ಹತ್ತಿರ ಕೇಳಮ್ಮ, ಬಿಡ್ತೀನಿ ಅಂದ್ರೆ ನಾಳೆಯಿಂದಲೇ ಕಳಿಸು ಅಂದೆ.